ಜನಸಾಗರಕ್ಕೆ ಹಗ್ಗ ಹಿಡಿಯುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಗಟು ಮಾರುಕಟ್ಟೆಯ ಹಿಂಬಾಗಿಲಲ್ಲಿ ಈರುಳ್ಳಿ ಚೀಲ ಹೇರಿಕೊಂಡ ಲಾರಿಯೊಂದು ನಿಂತಿದೆ. ಅದರ ನೆತ್ತಿಯ ಮೇಲೆ, ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬರು ಟಾರ್ಪಾಲು ಹಾಸಿ ಹಗ್ಗ ಕೆಳಗೆಸೆಯುತ್ತಾರೆ. ಇಳಿದು ಬಂದು, ಲಾರಿಯ ಪಕ್ಕಕ್ಕೆ ಕಾಲು ಕೊಟ್ಟು, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಎಳೆಯುತ್ತಾರೆ. ಮರದ ಹಲಗೆ ಕಿರ್ರೆನ್ನುತ್ತದೆ. ಡ್ರೈವರು ಗಂಟು ಮುಟ್ಟಿಯೂ ನೋಡದೆ ಗಾಡಿ ಹೊರಡಿಸುತ್ತಾನೆ.

ಮಾರುಕಟ್ಟೆಗೆಲ್ಲ ಇವರು ಹಗ್ಗದಕ್ಕ. ಈ ಕೆಲಸ ಮೊದಲು ಗಂಡನದು. ಲೋಡಿನ ಮೇಲಿಂದ ಬಿದ್ದು ಅವರ ಬೆನ್ನುಮೂಳೆ ಜಖಂ ಆದಾಗ ಮಗಳಿಗಿನ್ನೂ ನಡಿಗೆ ಬಂದಿರಲಿಲ್ಲ. ಹೆಂಗಸು ಲಾರಿ ಹತ್ತುವುದೇ ಎಂದು ನಕ್ಕವರೆದುರೇ ಅಕ್ಕ ಹತ್ತಿದರು. ಅಂಗೈ ಈಗ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ.

ಆದರೆ ಈ ಕೈಗಳನ್ನು ಊರು ನೋಡಬೇಕಾದ್ದು ಮೆರವಣಿಗೆಯ ದಿನ. ಮಾರುಕಟ್ಟೆಯ ಕೂಲಿಗಳೆಲ್ಲ ಬಹುಕಾಲದಿಂದ ಒಂದು ಸಣ್ಣ ಪಕ್ಷದ ಬೆಂಬಲಿಗರು. ಅಕ್ಕ ಹೋದ ಮೊದಲ ಮೆರವಣಿಗೆಯಲ್ಲಿ ಜನರನ್ನು ಸಾಲಾಗಿ ತಡೆದಿಡಲು ಪಕ್ಷ ತಂದ ಹಗ್ಗ ನೂಲಿನಂತಿತ್ತಂತೆ. ಅಕ್ಕ ತಮ್ಮ ಲಾರಿ ಹಗ್ಗವನ್ನೇ ತಂದರು. ಅಂದಿನಿಂದ ಜನರ ಮುಂದೆ ಅಡ್ಡಲಾಗಿ ಹಗ್ಗ ಹಿಡಿದು, ಪೊಲೀಸರಿಗೂ ಗುಂಪಿಗೂ ನಡುವೆ ನಡೆಯುವುದು ಅವರದೇ ಕೆಲಸ. ಹಾಸಿಗೆ ಹಿಡಿದ ಗಂಡ ಇದನ್ನೇ ಆಡಿಕೊಂಡು ನಗುತ್ತಾರೆ: "ನನ್ನ ಕಟ್ಟಿಹಾಕಿದ್ದು ಸಾಲದು ಅಂತ ಊರನ್ನೇ ಕಟ್ಟೋಕೆ ಹೊರಟಿದಾಳೆ."

ಮೂರು ವರ್ಷದ ಹಿಂದೆ ಹಳೇ ಸೇತುವೆಯ ಮೇಲೆ ಮೆರವಣಿಗೆಯ ಜನ ಸಿಕ್ಕಿಕೊಂಡರು. ಮುಂದೆ ಪೊಲೀಸರ ಬೇಲಿ, ಹಿಂದಿನಿಂದ ತಳ್ಳಾಟ. ನಡುವೆ ಇದ್ದ ಮಕ್ಕಳ ಕೂಗು ಕ್ಷೀಣಿಸುತ್ತಿತ್ತು. ಮುಖಂಡರ ಮೈಕು ಯಾರಿಗೂ ಕೇಳಿಸಲಿಲ್ಲ. ಅಕ್ಕ ತಮ್ಮ ಜೊತೆ ಹಗ್ಗ ಹಿಡಿದವರನ್ನೆಲ್ಲ ಎಳೆದುಕೊಂಡು ರಸ್ತೆಯ ಮೇಲೆ ಕುಕ್ಕರುಬಡಿದರು. ಹಿಂದಿನ ಸಾಲು ಕೂತಿತು, ಅದರ ಹಿಂದಿನದೂ ಕೂತಿತು. ಸೇತುವೆಯ ಆ ತುದಿಯವರೆಗೂ ಜನ ಗಾಳಿಗೆ ಪೈರು ಬಾಗಿದಂತೆ ಬಾಗಿದರು. ಒಂದು ಜೀವವೂ ಹೋಗಲಿಲ್ಲ.

"ಕೂತ್ರೆ ತುಳಿದುಬಿಡ್ತಾರೆ ಅಂತ ಗೊತ್ತಿತ್ತು," ಎನ್ನುತ್ತಾರೆ ಅಕ್ಕ. "ನಿಂತಿದ್ರೆ ಮಕ್ಕಳು ಉಳೀತಿರಲಿಲ್ಲ."

ಮರುದಿನದ ಪತ್ರಿಕೆಯಲ್ಲಿ ಮುಖಂಡರ ಫೋಟೊ ಬಂತು. ಅಕ್ಕ ಅಷ್ಟು ಹೊತ್ತಿಗೆ ಲಾರಿ ಮೇಲಿದ್ದರು.

ಈಗ ನಗರಸಭೆಯ ಚುನಾವಣೆ ಮತ್ತೆ ಮುಂದಕ್ಕೆ ಹೋಗಿದೆ. ಇಡೀ ಊರನ್ನು ಬೀದಿಗೆ ಕರೆಯಬೇಕೇ ಬೇಡವೇ ಎಂದು ಕಳೆದ ವಾರ ಟೈಲರ್ ಅಂಗಡಿಯ ಮಹಡಿಯಲ್ಲಿ ಬೆಂಬಲಿಗರು ಸೇರಿದ್ದರು. ಬೀದಿಗಿಳಿಯದೆ ನಮ್ಮ ಮಾತು ಯಾರ ಕಿವಿಗೂ ಬೀಳುವುದಿಲ್ಲ ಎಂಬುದು ಕ್ಷೌರಿಕನೊಬ್ಬನ ವಾದ. ಅಂದು ಸೇತುವೆಯ ಮೇಲೆ ಮೊಮ್ಮಗನನ್ನು ಕಳೆದುಕೊಳ್ಳುವುದರಲ್ಲಿದ್ದ ನಿವೃತ್ತ ಟೀಚರಮ್ಮ ಮಾತ್ರ, ಸುತರಾಂ ಒಪ್ಪುವುದಿಲ್ಲ ಎಂದು ಪಟ್ಟು ಹಿಡಿದರು. ಮಾತು ಕಾವೇರಿತು. ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕನನ್ನು ಕೊನೆಗೆ ಯಾರೋ ಕೇಳಿದರು.

"ಜನರನ್ನ ಕರೆಯೋದು ಬರೀ ಬಾಯಿ ಮಾತು," ಎಂದರು ಅಕ್ಕ. "ಬಂದವರನ್ನೆಲ್ಲ ವಾಪಸ್ ಮನೆ ಮುಟ್ಟಿಸೋ ಧೈರ್ಯ ಇದ್ರೆ ಕರೀರಿ. ಇಲ್ಲಾಂದ್ರೆ ಬೇಡ."

ಟೀಚರಮ್ಮ ಅವರತ್ತ ತಿರುಗಿದರು. "ಮುಂದೆ ನೀನಿರ್ತೀಯೇನಮ್ಮಾ?"

"ಇರ್ತೀನಿ."

"ಹಾಗಾದ್ರೆ ನಾನೂ ಬರ್ತೀನಿ."

ಅಲ್ಲಿಗೆ ತೀರ್ಮಾನವಾಯಿತು. ಅಕ್ಕನದು ಎರಡೇ ಷರತ್ತು: ಸೇತುವೆ ಬೇಡ, ಅಗಲದ ರಸ್ತೆಯಲ್ಲೇ ಹೋಗಬೇಕು, ಬರುವವರು ಮೊದಲು ಕೂರುವುದನ್ನು ಕಲಿಯಬೇಕು. ಹೀಗಾಗಿ ಮಾರುಕಟ್ಟೆಯ ಅಂಗಳದಲ್ಲಿ ಸಂಜೆ ಪಾಠ ನಡೆದಿದೆ. ಹಮಾಲರು, ಗುಮಾಸ್ತರು, ಕೋಲೂರಿದ ಅಜ್ಜಂದಿರು ತೋಳಿಗೆ ತೋಳು ಕೊಟ್ಟು ನಿಲ್ಲುತ್ತಾರೆ. ಅಕ್ಕ ಕೈ ಎತ್ತುತ್ತಾರೆ. ಅಷ್ಟೂ ಜನ ಒಟ್ಟಿಗೆ ನೆಲಕ್ಕಿಳಿಯುತ್ತಾರೆ. ಅದನ್ನು ಕಂಡು, ಬೇಲಿಯಾಚೆ ನಿಂತು ನೋಡುವ ಪೊಲೀಸಪ್ಪನೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ.

ಬದಲಾವಣೆ ಬಂದೀತೇ ಎಂದರೆ, ಅದು ದೊಡ್ಡವರ ಮಾತು ಎಂದು ಅಕ್ಕ ಜಾರಿಕೊಳ್ಳುತ್ತಾರೆ. ತಮಗಾಗಿ ಏನಾದರೂ ಆಸೆ ಉಂಟೇ ಎಂದರೆ ಮಾತ್ರ ನಾಚಿಕೊಂಡು ನಗುತ್ತಾರೆ.

"ಇಷ್ಟು ಮೆರವಣಿಗೆ ಮಾಡಿದೀನಿ, ಒಂದು ಘೋಷಣೆನೂ ಕೂಗಿಲ್ಲ. ನಾನು ಕೂಗ್ತಾ ಇದ್ರೆ ಹಿಂದಿನವರ ಉಸಿರು ಕೇಳ್ಸಲ್ಲ. ಬೇರೆ ಯಾರಾದ್ರೂ ಮುಂದೆ ನಿಲ್ಲೋದು ಕಲಿತುಬಿಟ್ರೆ, ಒಂದು ದಿನ ಎಲ್ಲರ ನಡುವೆ ನಡ್ಕೊಂಡು ಗಂಟಲು ಹರಿಯೋ ಹಾಗೆ ಕೂಗ್ಬೇಕು."