ಏಕಾದಶಿಯ ಓದು

ಏಕಾದಶಿ ಬಂತೆಂದರೆ ನನಗೆ ಹಬ್ಬ. ದೇವದುರ್ಗದ ತವರಿನಲ್ಲಿ ಹುಡುಗಿಯಾಗಿದ್ದಾಗ ಅದೇ ದಿನ ಹೊಟ್ಟೆ ಹಿಡಿದುಕೊಂಡು ಗೊಣಗುತ್ತಿದ್ದವಳು ನಾನು. ಈಗ ರಾಯಚೂರಿನ ಮನೆಯಲ್ಲಿ ಕ್ಯಾಲೆಂಡರ್ ಮುಂದೆ ನಿಂತು ಮುಂದಿನ ಏಕಾದಶಿ ಯಾವಾಗ ಎಂದು ಹುಡುಕುತ್ತೇನೆ. ನನಗೆ ಭಕ್ತಿ ಹೆಚ್ಚಾಗಿದೆ ಎಂದು ನೆರೆಮನೆಯವರು ತಿಳಿದಿದ್ದಾರೆ, ತಿಳಿದುಕೊಳ್ಳಲಿ. ಆ ದಿನ ನಮ್ಮಲ್ಲಿ ದೊಡ್ಡವರಿಗೆಲ್ಲ ಉಪವಾಸ, ಒಲೆ ಹಚ್ಚುವಂತಿಲ್ಲ, ಅಷ್ಟೇ.

ಉಳಿದ ದಿನ ಬೆಳಗಾದರೆ ರೊಟ್ಟಿ, ಪಲ್ಯ, ಮಾನ್ವಿಯ ಶಾಲೆಗೆ ಪಾಠ ಮಾಡಲು ಬಸ್ಸು ಹಿಡಿಯುವ ಗಂಡನ ಡಬ್ಬಿ, ಎರಡನೇ ತರಗತಿಯ ಮಗಳ ಜಡೆ. ಮಧ್ಯಾಹ್ನದಿಂದ ಮನೆಯಲ್ಲೇ ಕೂತು ಕಂಪನಿಯ ಪ್ರೋಗ್ರಾಮಿಂಗ್ ಕೆಲಸ. ನಾನು ನೋಡಿಕೊಳ್ಳುತ್ತಿದ್ದ ಹಳೆಯ ಸಾಫ್ಟ್‌ವೇರನ್ನು ಕಂಪನಿ ಕೈಬಿಡಲಿತ್ತು. ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯದಿದ್ದರೆ ನನ್ನನ್ನೂ ಕೈಬಿಡುತ್ತಾರೆಂಬ ಹೆದರಿಕೆ. ಹೀಗಾಗಿ ಏಕಾದಶಿಯ ಬೆಳಗು ಪೂರ್ತಿ ಮಾಳಿಗೆಯ ಕೋಣೆ ಸೇರಿ ಓದುತ್ತಿದ್ದೆ. ಕೆಳಗೆ ಅತ್ತೆ, ತಾವು ಉಪವಾಸವಿದ್ದರೂ, ಮಗಳಿಗೆ ಮೊಸರವಲಕ್ಕಿ ಕಲಸಿ ಕೊಟ್ಟು ಬಳಿಯಲ್ಲಿ ಕೂರಿಸಿಕೊಳ್ಳುತ್ತಿದ್ದರು.

ಕಳೆದ ಮಳೆಗಾಲದ ಒಂದು ಏಕಾದಶಿ, ಶಾಲೆಗೆ ರಜೆ. ಮಗಳು ಮಾಳಿಗೆ ಹತ್ತಿ ಬಂದು ಬಾಗಿಲಲ್ಲಿ ನಿಂತಳು.

"ಅಮ್ಮಾ, ಅಜ್ಜಿ ಕೈ ನಡಗ್ಲಿಕತ್ತಾವ."

ಓಡಿ ಇಳಿದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು, ಮೈಯೆಲ್ಲ ಬೆವರು. ಸಕ್ಕರೆ ನೀರು ಕುಡಿಸಿದ ಮೇಲೆ ಸ್ವಲ್ಪ ಸುಧಾರಿಸಿಕೊಂಡು, "ಏನಿಲ್ಲ, ಸೆಕಿ" ಅಂದರು.

ಮಗಳು ಬಿಡಲಿಲ್ಲ. ಹಿಂದಿನ ವಾರ ಅಜ್ಜಿಯ ಜೊತೆ ಡಾಕ್ಟರ ಬಳಿ ಹೋಗಿ ಬಂದವಳು ಅವಳೇ. "ಶುಗರ್ ಗುಳಿಗಿ ತೊಗೊಂಡು ಉಪವಾಸ ಮಾಡಬ್ಯಾಡ್ರಿ ಅಂತ ಡಾಕ್ಟ್ರು ಅಂದಿದ್ರು. ಅಜ್ಜಿ ಉಂಡ್ರ ನೀ ಅಡಗಿ ಮಾಡ್ಕೋತ ಕೂಡ್ತಿ, ಓದ್ಲಿಕ್ಕೆ ಆಗಂಗಿಲ್ಲಂತ. ನಿನಗ ಹೇಳಬ್ಯಾಡ ಅಂದಿದ್ಲು."

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು. ಅತ್ತೆ ದೇವರ ಹೆಸರು ಹೇಳಿ ನನಗಾಗಿ ಹಸಿದಿದ್ದರು. "ಈ ಓದೂ ಬ್ಯಾಡ, ಏನೂ ಬ್ಯಾಡ" ಎಂದು ಒಲೆ ಹಚ್ಚಲು ಎದ್ದೆ. ಅವರು ನನ್ನ ಕೈ ಹಿಡಿದುಕೊಂಡರು. ಆ ಕೈ ಇನ್ನೂ ತಣ್ಣಗಿತ್ತು.

"ಉಪವಾಸ ಬಿಡೋಕಿ ನಾನು. ಓದು ಬಿಡ್ಲಿಕ್ಕೆ ನಿನಗೇನಾಗೇದ?"

ಮುಂದಿನ ಏಕಾದಶಿಗೆ ಅತ್ತೆ ತಮ್ಮ ರೊಟ್ಟಿ ತಾವೇ ಬಡಿದುಕೊಂಡರು. ಹುಟ್ಟಿದಾಗಿನಿಂದ ಆಚಾರದಲ್ಲೇ ಬೆಳೆದ ಅವರಿಗೆ ಅದು ಸಣ್ಣ ಮಾತಲ್ಲ. ನಾನು ಮಾಳಿಗೆಗೆ ಹೋಗದೆ ಅಡುಗೆಮನೆಯ ಬಾಗಿಲ ಬಳಿ ಲ್ಯಾಪ್‌ಟಾಪ್ ತೆರೆದು ಕೂತೆ. ಮಗಳು ನನ್ನ ಬೆನ್ನಿಗೆ ಒರಗಿದಳು. ನನ್ನ ಹೊಟ್ಟೆ ಖಾಲಿ, ಎದುರಿಗೆ ಬಿಸಿ ರೊಟ್ಟಿಯ ವಾಸನೆ; ಪಾಠ ತಲೆಗೆ ಹೋಗುವುದುಂಟೇ? ಅತ್ತೆ ಮೊದಲ ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ಕೂತರು.

"ಈ ಕಡೆ ಏನ್ ನೋಡ್ತಿ? ನಿನ್ನ ಪಾಠ ನೋಡು" ಎಂದು ಗದರಿದರು.

ಅವರು ಉಂಡು ಕೈ ತೊಳೆಯುವವರೆಗೂ ನಾನು ಪಾಠದ ಕಡೆ ತಿರುಗಲಿಲ್ಲ.