ಅಕ್ಕನ ತಿದ್ದುಪಡಿ ಪತ್ರ

ಪತ್ರ ಬರೆಯುವುದು ನನ್ನ ಕಸುಬು. ಪತ್ರ ಎಂದರೆ ಕ್ಷೇಮಸಮಾಚಾರದ ಕಾಗದವಲ್ಲ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು. ದೊಡ್ಡಬಳ್ಳಾಪುರದ ನೋಂದಣಿ ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಅರ್ಧ ಭಾಗದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತು ಇಪ್ಪತ್ತು ವರ್ಷ ದಾಟಿತು. ತೂಬಗೆರೆ ಹೋಬಳಿಯ ಅರ್ಧ ಜಮೀನು ನನ್ನ ಬೆರಳಿನ ಕೆಳಗೇ ಕೈ ಬದಲಾಯಿಸಿದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆಯಮ್ಮ ಬರೆದ ಪತ್ರ ಹೈಕೋರ್ಟಿಗೆ ಹೋದರೂ ಅಲ್ಲಾಡಲ್ಲ ಎಂದು ಜನ ಹೇಳುವುದನ್ನು ಕೇಳಿಸಿಕೊಂಡೂ ಕೇಳಿಸದವಳಂತೆ ಕೂರುವುದು ನನಗೆ ಇಷ್ಟವಾಗಿತ್ತು. ಅಂಥ ನಾನು ನನ್ನ ಅಕ್ಕನಿಗೆಂದು ಮೊದಲ ಸಲ ಒಂದು ಪತ್ರ ಬರೆದೆ. ಅದರಲ್ಲಿ ತಪ್ಪು ಮಾಡಿದೆ.

ನನಗೆ ಅಮ್ಮನ ಮುಖ ನೆನಪಿಲ್ಲ. ಎಣ್ಣೆ ಹಚ್ಚಿ ಜಡೆ ಹಾಕಿದವಳು, ಮಗ್ಗಿ ತಪ್ಪಿದರೆ ತಲೆಗೆ ಮೊಟಕಿದವಳು ಅಕ್ಕ. ಅವಳನ್ನು ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಮದುವೆ ಮಾಡಿಕೊಟ್ಟಾಗ ನಾನೂ ಅವಳ ಜೊತೆ ಬಂದವಳು ಇಲ್ಲೇ ಉಳಿದೆ. ಭಾವ ಹೋದ ಮೇಲೆ ಅಕ್ಕ ನಾಲ್ಕು ಪವರ್‌ಲೂಮ್ ಒಬ್ಬಳೇ ನೋಡಿಕೊಂಡಳು. ರೇಷ್ಮೆ ಎಳೆ ಕಡಿದರೆ ಮಗ್ಗ ನಿಲ್ಲಿಸಿ, ಕಣ್ಣಿಗೆ ಕಾಣದ ಆ ಎಳೆಯನ್ನು ಹುಡುಕಿ, ಎರಡು ಬೆರಳಲ್ಲಿ ಗಂಟು ಹಾಕಿ ಮತ್ತೆ ಗುಂಡಿ ಒತ್ತುವಷ್ಟರಲ್ಲಿ ನಾನು ಒಂದು ಗುಟುಕು ಕಾಫಿ ಕುಡಿದಿರುತ್ತಿರಲಿಲ್ಲ. ಆ ಗಂಟು ಜಾರತೊಡಗಿದ್ದೇ ಕಾಯಿಲೆಯ ಮೊದಲ ಸುದ್ದಿ. ವಯಸ್ಸಾಯಿತು ಎಂದು ನಕ್ಕೆವು. ಮುಂದಿನ ಉಗಾದಿಗೆ ಅವಳಿಗೆ ಹೋಳಿಗೆ ತಟ್ಟಲು ಆಗಲಿಲ್ಲ.

ಬೆಂಗಳೂರಿನ ಡಾಕ್ಟರು ನರದ ಕಾಯಿಲೆ ಎಂದರು. ಒಂದೊಂದೇ ಸ್ನಾಯು ಸಾಯುತ್ತಾ ಹೋಗುತ್ತದೆ. ಕೈ, ಕಾಲು, ನಾಲಿಗೆ, ಕೊನೆಗೆ ಉಸಿರು. ಔಷಧಿ ಇಲ್ಲ. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ ಎಂದು ಅವರು ಸಮಾಧಾನದ ದನಿಯಲ್ಲಿ ಹೇಳಿದರು. ಅದನ್ನು ಕೇಳಿ ಅಕ್ಕ ನನ್ನ ಕಡೆ ತಿರುಗಿ ನೋಡಿದ್ದು ಇವತ್ತಿಗೂ ಮರೆತಿಲ್ಲ.

ನಾಲಿಗೆ ಇನ್ನೂ ಸ್ವಲ್ಪ ತಿರುಗುತ್ತಿದ್ದ ಕಾಲಕ್ಕೆ ಒಂದು ಮಧ್ಯಾಹ್ನ, ಗೌರವದಿಂದ ಸಾಯುವ ಹಕ್ಕಿನ ಬಗ್ಗೆ ಸರ್ಕಾರ ಆದೇಶ ಹೊರಡಿಸಿದೆ ಎಂಬ ಪೇಪರ್ ತುಂಡನ್ನು ನನ್ನ ಮುಂದೆ ಇಡಿಸಿದಳು.

"ನಂಗೂ ಒಂದು ಬರ್ಕೊಡೆ."

"ಏನು?"

"ಉಸ್ರು ನಿಂತೋಗೋ ಟೈಮಲ್ಲಿ ಮಿಷನ್ ಹಾಕ್ಬೇಡಿ ಅಂತ. ಊರೋರ್‌ಗೆಲ್ಲಾ ಬರ್ದಿದೀಯಾ, ನಂಗೊಂದು ಬರಿಯಕ್ಕೆ ಏನು ದಾಡಿ?"

ನಾನು ರೇಗಿದೆ. ಮಗ ಇದ್ದಾನೆ, ನಾನಿದ್ದೇನೆ, ಯಾರಿಗೆ ನೀನು ಭಾರ ಎಂದು ಕೂಗಾಡಿದೆ. ಅಕ್ಕ ಕಾಯ್ದಳು. ನನ್ನ ಕೂಗಾಟ ಮುಗಿದ ಮೇಲೆ, ಒಂದೊಂದೇ ಮಾತನ್ನು ಬಾಯಿಂದ ಎಳೆದು ಹಾಕಿದಳು. "ಭಾರದ ಮಾತಲ್ಲ ಕಣೇ. ನಾನ್ ಒಳಗಡೆ ಎದ್ದು ಕೂತಿರ್ತೀನಿ. ಬಾಗ್ಲು ಹಾಕ್ಬಿಟ್ಟಿರ್ತೀರ. ಅದಕ್ಕೆ ಹೆದ್ರಿಕೆ."

ಬರೆದುಕೊಡುತ್ತೇನೆ ಎಂದೆ.

ಈ ಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು, ನೋಟರಿಯ ಮುದ್ರೆ ಬೇಕು. ಅಕ್ಕನ ಪಕ್ಕದ ಮನೆಯ ಹೆಂಗಸು, ದಿನಾ ಬಂದು ಅವಳ ತಲೆ ಬಾಚಿ ಹೋಗುವವಳು, ಪೆನ್ನು ಕೊಟ್ಟರೆ ಕೈ ಹಿಂದಕ್ಕೆ ಎಳೆದುಕೊಂಡಳು. "ಅಯ್ಯಯ್ಯೋ, ಇವರ ಸಾವಿಗೆ ನಾನ್ ಸಾಕ್ಷಿನಾ? ಬೇಡ ಕಣಮ್ಮ, ನನ್ ಮಕ್ಳು ಮರಿ ಚೆನ್ನಾಗಿರ್ಬೇಕು." ಎರಡೆಕರೆ ಮಾರುವ ಪತ್ರಕ್ಕೆ ಇದೇ ಜನ ನಿಂತ ನಿಲುವಿನಲ್ಲಿ ಸಹಿ ಹಾಕುತ್ತಾರೆ. ಕೊನೆಗೆ ನಮ್ಮ ಕಚೇರಿಯ ಮುಂದೆ ದಿನವೆಲ್ಲ ಸಾಕ್ಷಿ ಹಾಕುವುದನ್ನೇ ಕೆಲಸ ಮಾಡಿಕೊಂಡಿದ್ದ ಇಬ್ಬರನ್ನು ಆಟೋದಲ್ಲಿ ಕರೆತಂದೆ. "ಎಲ್ಲಮ್ಮಾ ಸೈನು?" ಎಂದು ಕೇಳಿದರು, ಹಾಕಿದರು, ಹೋದರು. ನೋಟರಿಯೂ ಬಂದರು, ನಾನು ಬರೆದದ್ದು ಎಂದ ಮೇಲೆ ಅವರು ಯಾವತ್ತೂ ಓದಿದವರಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನಾವೆಲ್ಲ.

ಗ್ಯಾಸ್ ಸಿಲಿಂಡರಿನ ಚೀಟಿಯನ್ನೂ ಓದದೆ ಸಹಿ ಹಾಕದವಳು ಅಕ್ಕ. ಆ ದಿನ ಮಾತ್ರ ಹಾಳೆಯ ಕಡೆ ನೋಡದೆ, ಅವಳ ಎರಡು ಬೆರಳ ನಡುವೆ ನಾನು ಸಿಕ್ಕಿಸಿದ ಪೆನ್ನಿನಿಂದ, ನಡುಗುತ್ತಾ ಹೆಸರು ಗೀಚಿದಳು. ಓದು ಎಂದೆ. ಬೇಡ ಎಂದು ತಲೆ ಆಡಿಸಿದಳು. ಅಕ್ಕನಿಗೆ ನನ್ನ ಮೇಲೆ ಅಷ್ಟು ನಂಬಿಕೆ ಎಂದು ಹಿಗ್ಗಿದೆ.

ಏಳು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಅಕ್ಕನ ಉಸಿರು ಕಟ್ಟಿತು. ಅವಳ ಮಗ ಸೋಂಪುರದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟಿನಲ್ಲಿದ್ದ. ಪತ್ರದ ಪ್ರಕಾರ ನಾನು ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಬೇಕಿತ್ತು. ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ. ಸಂಕಟ ಕಡಿಮೆ ಮಾಡಲಿ, ಅಷ್ಟಕ್ಕೆ ಮಾತ್ರ ಎಂದು ನನಗೆ ನಾನೇ ಹೇಳಿಕೊಂಡೆ. ಪತ್ರವನ್ನು ಬ್ಯಾಗಿಗೆ ಹಾಕಿಕೊಂಡೇ ಹೋದೆ.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪತ್ರ ಕೈಗಿತ್ತೆ. ಅಷ್ಟು ಗಡಿಬಿಡಿಯಲ್ಲೂ ಆಕೆ ಪೂರ್ತಿ ಓದಿದಳು. ಈ ಪತ್ರವನ್ನು ಓದಿದವರಲ್ಲಿ ಮೊದಲನೆಯವಳು ಅವಳೇ.

"ಅಮ್ಮ, ಇದರಲ್ಲಿ ಸತ್ತ ಮೇಲೆ ಜಾರಿಗೆ ಬರುತ್ತೆ ಅಂತಿದೆಯಲ್ಲಾ?"

ಕಿತ್ತುಕೊಂಡು ನೋಡಿದೆ. ಕೊನೆಯ ಪ್ಯಾರಾ. "ಈ ಪತ್ರವು ನನ್ನ ಜೀವಿತ ಕಾಲದ ನಂತರ ಜಾರಿಗೆ ಬರತಕ್ಕದ್ದು." ಸಾವಿರ ಉಯಿಲಿನಲ್ಲಿ ಬರೆದ ಸಾಲು. ಕಂಪ್ಯೂಟರಿನಲ್ಲಿ ಯಾರದೋ ಹಳೆಯ ಉಯಿಲು ತೆರೆದು, ಆಸ್ತಿ, ಅದರ ನಾಲ್ಕು ದಿಕ್ಕಿನ ಚಕ್ಕುಬಂದಿ ಎಲ್ಲ ಅಳಿಸಿ, ನಡುವೆ ಅಕ್ಕನ ಮಾತು ಸೇರಿಸಿದ್ದೆ. ತಲೆ, ಬಾಲ ಹಳೆಯದೇ ಉಳಿದಿತ್ತು. ನಾನು ಸತ್ತ ಮೇಲೆ ನನ್ನ ಗಂಟಲಿಗೆ ನಳಿಗೆ ಇಳಿಸಬೇಡಿ ಎಂದು ಅಕ್ಕನಿಂದ ಸಹಿ ಹಾಕಿಸಿದ್ದೆ! ಕೆಳಗೆ, ಪತ್ರ ಬರೆದವಳ ಜಾಗದಲ್ಲಿ, ನನ್ನ ಸೊಟ್ಟ ಸಹಿ.

"ಪತ್ರ ಇರಲಿ," ಎಂದಳು ಡಾಕ್ಟರು. "ನೀವು ಬಾಯಲ್ಲೇ ಹೇಳಿ. ಅವರ ಇಷ್ಟ ಏನಿತ್ತು? ಟ್ಯೂಬ್ ಹಾಕಲಾ, ಬೇಡವಾ? ಬೇಗ ಹೇಳಬೇಕು."

ಇಲ್ಲಿಯವರೆಗೆ ನಡೆದದ್ದು ಕೈತಪ್ಪು. ಮುಂದಿನದು ಕೈತಪ್ಪಲ್ಲ. ಅಕ್ಕನ ಇಷ್ಟ ನನಗೆ ನನ್ನ ಹೆಸರಿನಷ್ಟು ಚೆನ್ನಾಗಿ ಗೊತ್ತಿತ್ತು. ಸ್ಟ್ರೆಚರಿನ ಮೇಲೆ ಅವಳ ಎದೆ ಮೇಲೆ ಕೆಳಗೆ ಎಗರುತ್ತಿತ್ತು, ತುಟಿ ನೀಲಿಯಾಗಿತ್ತು, ಕಣ್ಣು ನನ್ನನ್ನೇ ಹುಡುಕುತ್ತಿತ್ತು. ಹಾಕಿ ಎಂದೆ. ಎರಡು ಸಲ ಹೇಳಿದೆ.

ಶಿಫ್ಟು ಬಿಟ್ಟು ಓಡಿಬಂದ ಮಗ ನನ್ನ ಎರಡು ಕೈ ಹಿಡಿದುಕೊಂಡು ಅತ್ತ. "ಒಳ್ಳೇ ಕೆಲ್ಸ ಮಾಡ್ದೆ ಚಿಕ್ಕಮ್ಮ. ನಂಗೆ ಅಮ್ಮ ಉಳ್ಕೊಂಡ್ಳು." ಆ ಹೊಗಳಿಕೆ ಮೈಗೆಲ್ಲ ಸುಣ್ಣದ ನೀರು ಬಿದ್ದಂತೆ ಉರಿಯಿತು.

ಈಗ ಅಕ್ಕ ಮನೆಯಲ್ಲಿದ್ದಾಳೆ. ಕತ್ತಿನಲ್ಲಿ ತೂತು, ತೂತಿಗೆ ನಳಿಗೆ, ನಳಿಗೆಗೆ ಯಂತ್ರ. ಮಗ್ಗಗಳನ್ನು ಮಾರಿದ ಜಾಗದಲ್ಲೇ ಮಂಚ ಹಾಕಿದ್ದೇವೆ. ಕರೆಂಟು ಹೋದರೆ ಯುಪಿಎಸ್ ಕೂಗುತ್ತದೆ, ನಾವು ಮೂವರೂ ಬೆಚ್ಚುತ್ತೇವೆ. ಅವಳಲ್ಲಿ ಅಲ್ಲಾಡುವುದು ಎರಡು ರೆಪ್ಪೆ ಮಾತ್ರ. ಎರಡೆರಡು ಗಂಟೆಗೊಮ್ಮೆ ಅವಳನ್ನು ಮಗ್ಗುಲು ತಿರುಗಿಸುತ್ತೇವೆ, ಕಫ ಎಳೆಯುತ್ತೇವೆ. ಎಳೆಯುವಾಗ ಅವಳ ಕಣ್ಣಿನಲ್ಲಿ ನೀರು ಬರುತ್ತದೆ. ನೋವಿಗೋ ಸಿಟ್ಟಿಗೋ ತಿಳಿಯುವುದಿಲ್ಲ.

ನೋಡಲು ಬಂದವರು ಧರ್ಮದ ಮಾತು ಆಡುತ್ತಾರೆ. ಜೀವ ಕೊಟ್ಟವನು ದೇವರು, ಕಿತ್ತುಕೊಳ್ಳಬೇಕಾದವನೂ ಅವನೇ ಎಂದು ಕಾಫಿ ಲೋಟ ಕೆಳಗಿಟ್ಟು ಹೇಳುತ್ತಾರೆ. ಹಾಗಾದರೆ ಈ ಯಂತ್ರ ಹಾಕಿದವರು ಯಾರು ಎಂದು ಕೇಳಬೇಕೆನಿಸುತ್ತದೆ. ಹಕ್ಕಿನ ಮಾತು ಆಡುವವರ ಮೇಲೂ ನನಗೆ ಸಿಟ್ಟಿದೆ. ನನಗೆ ಗೊತ್ತಿರುವ ಹಕ್ಕು ಜಮೀನಿನದು. ಜಮೀನಿಗೆ ಹಕ್ಕಿದ್ದರೆ ಸಾಲದು, ಸ್ವಾಧೀನವೂ ಇರಬೇಕು. ಪತ್ರ ಒಬ್ಬರ ಪೆಟ್ಟಿಗೆಯಲ್ಲಿ, ಉಳುವವರು ಇನ್ನೊಬ್ಬರು, ಅಂಥ ವ್ಯಾಜ್ಯ ಎಷ್ಟು ನೋಡಿಲ್ಲ! ಅಕ್ಕನ ದೇಹದ ಹಕ್ಕು ಅಕ್ಕನದೇ, ಒಪ್ಪಿದೆ. ಸ್ವಾಧೀನದಲ್ಲಿ ಕೂತಿರುವವಳು ನಾನು.

ಮಾತಾಡುವುದಕ್ಕೆ ನಾವು ಒಂದು ದಾರಿ ಮಾಡಿಕೊಂಡೆವು. "ಸ್ವರಾನಾ? ಕ ಸಾಲಾ? ಚ ಸಾಲಾ?" ಎಂದು ನಾನು ಕೇಳುತ್ತಾ ಹೋಗುವುದು, ಬೇಕಾದ ಸಾಲಿಗೆ ಅವಳು ರೆಪ್ಪೆ ಹೊಡೆಯುವುದು. ಆಮೇಲೆ ಅಕ್ಷರ, ಆಮೇಲೆ ಅದರ ಕಾಗುಣಿತ. ಒಂದು ಮಾತಿಗೆ ಅರ್ಧ ಗಂಟೆ. ನನಗೆ ಅಕ್ಷರ ಕಲಿಸಿದವಳಿಗೆ ನಾನು ಹೀಗೆ ಕಾಗುಣಿತ ಒಪ್ಪಿಸುತ್ತಿದ್ದೆ. ಮೊದಲ ವಾರ ಅವಳು ಹೇಳಿದ್ದು: "ಯಾಕೆ." ಪತ್ರದ ತಪ್ಪನ್ನು ಬಿಡಿಸಿ ಹೇಳಿದೆ. ಟ್ಯೂಬ್ ಹಾಕಿ ಎಂದು ನಾನೇ ಡಾಕ್ಟರಿಗೆ ಅಂದದ್ದನ್ನು ಹೇಳಲಿಲ್ಲ. ಅವಳು ಮತ್ತೆ ರೆಪ್ಪೆ ಹೊಡೆದಳು. "ತಿದ್ದು."

ನಮ್ಮ ಕಸುಬಿನಲ್ಲಿ ಅದಕ್ಕೂ ಒಂದು ಪತ್ರವಿದೆ, ತಿದ್ದುಪಡಿ ಪತ್ರ. ಸರ್ವೆ ನಂಬರು ತಪ್ಪಿದರೆ, ತಂದೆಯ ಹೆಸರು ತಪ್ಪಿದರೆ ಬರೆಯುವಂಥದ್ದು. ಆಸ್ಪತ್ರೆಯ ಆ ಹೆಣ್ಣುಮಗಳು ಡಾಕ್ಟರನ್ನೇ ಕೇಳಿದೆ. ಪತ್ರ ಸರಿಯಾಗಿದ್ದರೆ, ಡಾಕ್ಟರುಗಳ ಎರಡು ಮಂಡಳಿ ಕೂತು ನೋಡಿ ಒಪ್ಪಿದರೆ, ಸಂಕಟವಾಗದಂತೆ ಔಷಧಿ ಕೊಟ್ಟು ಯಂತ್ರ ತೆಗೆಯಬಹುದು ಎಂದಳು. ತಾಯಿಯನ್ನು ಆರು ತಿಂಗಳು ಮಗ್ಗುಲು ತಿರುಗಿಸಿದ ಮಗನೂ ಬದಲಾಗಿದ್ದ. "ಸಾಕು ಚಿಕ್ಕಮ್ಮ. ಅಮ್ಮ ಕೇಳ್ತಾ ಇರೋದು ಇದೊಂದೇ. ಬರ್ದ್‌ಬಿಡು. ನಾನೇ ಮುಂದೆ ನಿಂತ್ಕೋತೀನಿ." ಈ ಸಲ ಪಕ್ಕದ ಮನೆಯವಳೂ ಸಾಕ್ಷಿ ಹಾಕಲು ಒಪ್ಪಿದಳು. ಉಳಿದದ್ದು ನಾನೊಬ್ಬಳೇ.

ಬರೆದೆ. ಯಾವ ಹಳೆಯ ಕಡತವನ್ನೂ ತೆರೆಯದೆ, ಖಾಲಿ ಹಾಳೆಯ ಮೇಲೆ ಮೊದಲ ಅಕ್ಷರದಿಂದ ಬರೆದೆ. "ನನ್ನ ಜೀವಿತ ಕಾಲದಲ್ಲೇ ಜಾರಿಗೆ ಬರತಕ್ಕದ್ದು." ಮೂರು ಸಲ ಓದಿದೆ. ಅಕ್ಕನ ಮುಂದೆ ಕೂತು ಗಟ್ಟಿಯಾಗಿಯೂ ಓದಿದೆ. ಅವಳು ರೆಪ್ಪೆ ಹೊಡೆದಳು: "ಹೆಬ್ಬೆಟ್ಟು."

ಅವಳ ಹೆಬ್ಬೆರಳು ತಾನಾಗಿ ಏಳುವುದಿಲ್ಲ. ಅದನ್ನು ಹಿಡಿದು ಶಾಯಿಗೆ ಅದ್ದಿ ಹಾಳೆಗೆ ಒತ್ತಬೇಕಾದವಳು ನಾನು. ಬೆರಳು ಹಿಡಿದೆ. ಬೆಚ್ಚಗಿತ್ತು. "ನೋಟರಿ ಊರಲ್ಲಿಲ್ಲ ಕಣಕ್ಕ, ನಾಳೆ," ಎಂದೆ.

ನೋಟರಿ ಊರಲ್ಲೇ ಇದ್ದರು. ಮಾರನೆಯ ದಿನವೂ ಅದನ್ನೇ ಹೇಳಿದೆ. ಅದರ ಮಾರನೆಯ ದಿನ ಸಾಕ್ಷಿಯವಳಿಗೆ ಜ್ವರ ಎಂದೆ. ಅವಳ ಸಂಕಟವೂ ತೀರಬೇಕು, ಅವಳೂ ಇರಬೇಕು. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂದು ಊರವರನ್ನು ಆಡಿಕೊಳ್ಳುತ್ತಿದ್ದ ಬಾಯಿ ನನ್ನದು. ಮೊದಲ ಪತ್ರದಲ್ಲಿ ಆ ಸಾಲು ನಿಜವಾಗಿಯೂ ಮರೆತು ಉಳಿದದ್ದೋ, ನನ್ನ ಕೈ ಬೇಕೆಂದೇ ಉಳಿಸಿದ್ದೋ, ದೇವರಾಣೆಗೂ ನನಗೆ ಗೊತ್ತಿಲ್ಲ. ಈಗಿನದು ಗೊತ್ತು. ನನಗೆ ಅವಳು ಬೇಕು. ಹೇಗಾದರೂ ಸರಿ, ಆ ಮಂಚದ ಮೇಲೆ ಬೇಕು. ಇದು ಪ್ರೀತಿಯಲ್ಲ, ದುರಾಸೆ ಎಂದು ಗೊತ್ತಿದ್ದೂ ಬೇಕು.

ಹೀಗೆ ನೆಪ ಹೇಳುತ್ತಾ ಹತ್ತು ದಿನವಾಯಿತು. ಬೆಳಿಗ್ಗೆ ಮುಖ ಒರೆಸಿ, ಪಕ್ಕದಲ್ಲಿ ಕೂತು, "ಸ್ವರಾನಾ? ಕ ಸಾಲಾ?" ಎಂದು ಶುರುಮಾಡುತ್ತೇನೆ. ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಾಳೆ. ನಿದ್ದೆಯಲ್ಲ, ರೆಪ್ಪೆ ಬಿಗಿಯಾಗಿರುತ್ತದೆ. ನಾನು ಕೊನೆಯ ಸಾಲಿನ ತನಕ ಕೇಳುತ್ತೇನೆ, ಮತ್ತೆ ಮೊದಲಿನಿಂದ ಕೇಳುತ್ತೇನೆ, ಅಕ್ಕಾ ಅಕ್ಕಾ ಎಂದು ಕೂಗುತ್ತೇನೆ. ಮಗ ಬಂದು ಮಾತಾಡಿಸಿದರೆ ತೆರೆಯುತ್ತಾಳೆ. ನನಗೆ ತೆರೆಯುವುದಿಲ್ಲ.