ಮುಚ್ಚಿದ ತೂತು, ಬಿಡಬೇಕಿದ್ದ ತೂತು

ನಮ್ಮ ಜೀಪಿನ ಎಂಜಿನ್ ಬ್ಲಾಕ್ ಬಿರುಕು ಬಿಟ್ಟಾಗ ಅಕ್ಕ ಮಡಿಕೇರಿಯ ಗುಜರಿಯಿಂದ ಇನ್ನೊಂದನ್ನು ತರಿಸಿದಳು. ಹುದಿಕೇರಿಯ ನಮ್ಮ ಕಾಫಿ ತೋಟ ನೋಡಿಕೊಳ್ಳುವವಳು ಅವಳೇ. ನಾನು ಆಫೀಸಿಗೆ ರಜೆ ಹಾಕಿ ಬಂದಿದ್ದೆ. ಬ್ಲಾಕ್ ಅದೇ ಮಾದರಿಯದು, ಆದರೆ ಬೇರೆ ಯಾವುದೋ ಗಾಡಿಯಲ್ಲಿ ದುಡಿದು ಬಂದದ್ದು. ನಮ್ಮ ಹಳೆಯದರಲ್ಲಿ ಇಲ್ಲದ ತೂತುಗಳು ಅದರ ಪಕ್ಕದಲ್ಲಿದ್ದವು.

ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ಕೇರಳ ಗಡಿಯ ಕರಿಕೆಯವನು. ಮನೆಮಾತು ಮಲಯಾಳ, ನಮ್ಮೊಡನೆ ಕನ್ನಡ, ಅವಸರವಾದರೆ ಎರಡೂ ಕಲಸಿಹೋಗುತ್ತಿದ್ದವು. ಒಳಗಿನದನ್ನೆಲ್ಲ ಜೋಡಿಸಿ, ಬ್ಲಾಕಿನ ನೀರಿನ ದಾರಿಗಳ ಬಾಯಿಗೆ ಹಿತ್ತಾಳೆ ಬಿಲ್ಲೆ ಬಡಿದು, ಎಂಜಿನ್ ಅನ್ನು ಜೀಪಿಗೆ ಕೂರಿಸಿದ್ದಷ್ಟೇ. ಅಷ್ಟರಲ್ಲಿ ಅವನ ಅಮ್ಮ ಜಾರಿಬಿದ್ದಳೆಂದು ಅವನ ಊರಿಂದ ಫೋನ್ ಬಂತು.

"ಬಾಕಿ ಬೇಡದ್ ತೂತೆಲ್ಲ ಮುಚ್ಚಿ, ಆಯಿಲ್ ಹಾಕಿ ನೋಡಿ. ಡೌಟ್ ಬಂದ್ರೆ ಕೇಳಿ" ಎಂದು ಸಿಕ್ಕ ಆಟೋ ಹತ್ತಿ ಹೋದ.

ಸೋಮವಾರ ಪಿಕ್ಕಿಂಗ್ ಶುರು. ಆಳುಗಳನ್ನು ಕರೆತರಲು ಜೀಪು ಬೇಕೇ ಬೇಕು. ಅವನು ಹೇಳಿದ್ದು ಮರೆಯುವುದರೊಳಗೆ ಅಕ್ಕ ಕೆಲಸಕ್ಕೆ ಕೂತಳು.

ಉಳಿದಿದ್ದವು ಮೂರು ತೂತು. ಒಳಗೆ ತಿರುಪಿನ ಗೆರೆಗಳಿದ್ದ ಎರಡಕ್ಕೆ ಸೀಲಂಟ್ ಬಳಿದು ಬೋಲ್ಟ್ ತಿರುಗಿಸಿದೆವು. ಮೂರನೆಯದು ಎರಡು ಬೆರಳು ಹೋಗುವಷ್ಟು ಅಗಲ, ಒಳಗೆ ಕತ್ತಲೆ.

"ಇದು ಬೇಡದ್ದಾ, ಬೇಕಾದ್ದಾ?" ಅಕ್ಕ ಕೇಳಿದಳು.

"ನನ್ನನ್ನು ಕೇಳಿದ್ರೆ? ನಂಗೆ ಬೇಡದ್ದೇ ಅನ್ನಿಸ್ತದೆ. ಇದಕ್ಕೆ ಏನೂ ಸೇರುದಿಲ್ವಲ್ಲ."

ನೆಟ್‌ವರ್ಕಿಗಾಗಿ ಅಂಗಳದ ತುದಿಗೆ ಹೋಗಿ ಮೆಕ್ಯಾನಿಕ್‌ಗೆ ಫೋನ್ ಮಾಡಿ ಆ ತೂತಿನ ಬಗ್ಗೆ ಕೇಳಿದೆವು. ಸ್ಪೀಕರಿನಲ್ಲಿ ಕೇಳಿದ್ದು ಆಸ್ಪತ್ರೆಯ ಗಲಾಟೆ, ಆಮೇಲೆ "ಅಡಕ್ಕ..." ಎಂಬಷ್ಟು. ಫೋನ್ ಕಡಿಯಿತು. ಮಲಯಾಳದಲ್ಲಿ ಅಡಕ್ಕ ಎಂದರೆ ಮುಚ್ಚು ಎಂದು ಇಬ್ಬರಿಗೂ ಗೊತ್ತು. ತಗಡು ಕತ್ತರಿಸಿ, ಗ್ಯಾಸ್ಕೆಟ್ ಇಟ್ಟು, ಬೋಲ್ಟ್ ಬಿಗಿದೆವು. ಅಕ್ಕ ಮುಖ ತೊಳೆದು ಬಂದಷ್ಟು ಹಗುರವಾಗಿದ್ದಳು.

ಆಯಿಲ್ ಹಾಕಿ ಕೀಲಿ ತಿರುಗಿಸಿದಾಗ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಕ್ಕ ನಕ್ಕಳು. ಸ್ವಲ್ಪ ಹೊತ್ತಿನಲ್ಲಿ ಆಯಿಲ್ ಅಳೆಯುವ ಕಡ್ಡಿ ತಾನಾಗಿ ಮೇಲೆದ್ದಿತು. ನಾನು ಒತ್ತಿದೆ. ಮತ್ತೆ ಎದ್ದಿತು. ಅಷ್ಟರಲ್ಲಿ ಎಂಜಿನ್ನಿನ ಹಿಂಬದಿಯಿಂದ ಆಯಿಲ್ ಸೋರಿ ನೆಲ ಕಪ್ಪಾಯಿತು. ಅಕ್ಕ ಎಂಜಿನ್ ನಿಲ್ಲಿಸಿದಳು.

"ಎಲ್ಲ ಮುಚ್ಚಿದ್ದೇವಲ್ಲ, ಮತ್ತೆ ಎಲ್ಲಿಂದ ಬರ್ತಾ ಉಂಟು?" ಎಂದಳು.

ನನಗೂ ಅರ್ಥವಾಗಲಿಲ್ಲ. ಸೋರಿದರೆ ಇನ್ನೂ ಬಿಗಿಯಬೇಕು ಎಂದೇ ನನ್ನ ಲೆಕ್ಕ. ಬೋಲ್ಟುಗಳನ್ನು ಇನ್ನಷ್ಟು ಬಿಗಿದು ಮತ್ತೆ ಸ್ಟಾರ್ಟ್ ಮಾಡಿದೆವು. ಈ ಸಲ ಕಡ್ಡಿ ಚಿಮ್ಮಿ ನನ್ನ ಕಾಲ ಬಳಿ ಬಿತ್ತು. ಬಿಗಿದಷ್ಟೂ ಹೆಚ್ಚು ಸೋರುವುದನ್ನು ನಾನು ಎಲ್ಲೂ ನೋಡಿರಲಿಲ್ಲ.

ಭಾನುವಾರ ಮೆಕ್ಯಾನಿಕ್ ಬಂದ. ಅಮ್ಮನಿಗೆ ಪರವಾಗಿಲ್ಲವಂತೆ. ಜೀಪಿನ ಕೆಳಗೆ ನೋಡಿ, ನಮ್ಮ ತಗಡು ಮುಟ್ಟಿ, ತಲೆ ಕೆರೆದುಕೊಂಡ.

"ಇದು ಎಂಜಿನ್ ಉಸಿರು ಬಿಡೋ ತೂತು. ಮುಚ್ಚಿದ್ರೆ ಒಳಗಿನ ಗಾಳಿ ಆಯಿಲನ್ನು ಹೊರಗೆ ತಳ್ತದೆ. ಹಳೇದ್ರಲ್ಲಿ ಆಚೆ ಸೈಡಲ್ಲಿತ್ತು, ನಂಗೂ ಮೊದ್ಲು ಗೊತ್ತಾಗ್ಲಿಲ್ಲ. ಫೋನಲ್ಲಿ ಮುಚ್ಚಬೇಡಿ ಅಂದೆನಲ್ಲ."

"ಅಡಕ್ಕ ಅಂದಿರಿ," ಎಂದೆ.

"ಅಡಕ್ಕಂಡ ಅಂದೆ. ಮುಚ್ಚುದು ಬೇಡ ಅಂತ."

ಅಕ್ಕ ತಡೆದಳು. "ನೀವು ಕನ್ನಡದಲ್ಲೇ ಹೇಳಿದ್ದು. ಮುಚ್ಚಿ ಅಂತ. ನಾನು ಕೇಳಿಸಿಕೊಂಡೆ." ನನ್ನ ಕಿವಿಗೆ ಬಿದ್ದದ್ದು ಅಡಕ್ಕ ಮಾತ್ರ.

ಅವನೂ ಈಗ ಗಲಿಬಿಲಿಗೊಂಡ. "ಕನ್ನಡದಲ್ಲಾ? ಅಮ್ಮನ ಹತ್ರ ಏನೋ ಹೇಳ್ತಾ ಇದ್ದೆ. ಯಾವುದು ಯಾರಿಗೆ ಹೇಳಿದೆನೋ..." ಎಂದು ಸ್ಪ್ಯಾನರ್ ಎತ್ತಿಕೊಂಡ.

ತಗಡು ತೆಗೆದು ಅಲ್ಲಿ ಒಂದು ಕೊಳವೆ ಸಿಕ್ಕಿಸಿದ. ಒತ್ತಡಕ್ಕೆ ಹೊರಬಂದಿದ್ದ ಹಿಂಬದಿಯ ಆಯಿಲ್ ಸೀಲನ್ನು ಬದಲಿಸಲು ಎಂಜಿನ್ ಮತ್ತೆ ಇಳಿಸಬೇಕಾಯಿತು. ಸೋಮವಾರ ಆಳುಗಳು ನಡೆದೇ ಬಂದರು.

ಮಂಗಳವಾರ ಅಕ್ಕ ಓಡಿಸಿದ ಜೀಪು ಏರು ಹತ್ತಿತು, ಕಡ್ಡಿ ಮೇಲೇಳಲಿಲ್ಲ. ಪಕ್ಕದ ಸೀಟಿನಲ್ಲಿ ಕೂತ ನಾನು, ನಾವು ಮುಚ್ಚಿದ ಉಳಿದೆರಡು ತೂತು ಯಾತಕ್ಕಿದ್ದವು ಎಂದು ಮೆಕ್ಯಾನಿಕ್‌ನನ್ನು ಕೇಳಿದೆ. ಹಿಂದೆ ಕೂತಿದ್ದ ಅವನು ಗೊತ್ತಿಲ್ಲ ಎಂದ.